ಎದೆಯ ಮೇಲಿನ ಬುರುಡೆ ಯಾರದು?

ಪ್ರಶ್ನೆ: ನಾನು ಮೊಳಕಾಲ್ಮುರು ತಾಲ್ಲೂಕಿನವಳು. ಅಪ್ಪ ರೇಷ್ಮೆ ಸೀರೆ ನೇಯುತ್ತಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಕಾಲೇಜಿನ ದಿನಗಳಿಂದಲೂ ಮೆಟಲ್ ಸಂಗೀತದ ಹುಚ್ಚು. ನನ್ನ ಟೀ ಶರ್ಟುಗಳೆಲ್ಲ ಕಪ್ಪು. ಒಂದರ ಮೇಲೆ ಐರನ್ ಮೇಡನ್ ತಂಡದ ಎಡ್ಡಿ ಇದ್ದಾನೆ, ಚರ್ಮ ಸುಲಿದ ಮುಖದವನು. ಇನ್ನೊಂದರ ಮೇಲೆ ಹೊಟ್ಟೆ ಬಗೆದ ಹೆಂಗಸಿನ ಹೆಣ. ಯುದ್ಧ, ಜಾತಿ, ಹೆಣ್ಣಿನ ಮೇಲಿನ ಹಿಂಸೆ ಇವುಗಳ ವಿರುದ್ಧ ಕೆಲಸ ಮಾಡುವ ಒಂದು ಯುವಜನ ಸಂಘಟನೆಯಲ್ಲೂ ಇದ್ದೇನೆ. ಈ ಸಲ ಊರಿಗೆ ಹೋದಾಗ ಎಡ್ಡಿಯ ಅಂಗಿಯಲ್ಲೇ ಗೆಳತಿಯರ ಜೊತೆ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದೆ. ಫೋಟೊ ನೋಡಿದ ಸಂಘಟನೆಯ ಹಿರಿಯರೊಬ್ಬರು, "ಅಶೋಕನ ಶಾಸನದ ಮುಂದೆ ಹೆಣ ಹೊತ್ಕೊಂಡು ನಿಂತಿದೀಯಲ್ಲಮ್ಮ, ಶಾಂತಿ ಮೆರವಣಿಗೆಗೂ ಇದನ್ನೇ ಹಾಕ್ಕೊಂಡು ಬರ್ತೀಯೇನು?" ಅಂದರು. ಖಾದಿ ಹಾಕು ಅನ್ನುವ ಸಲಹೆಯೂ ಬಂತು. ಮನೆಗೆ ಕೇಡು ಎಂದು ಅಜ್ಜಿಯದು ಬೇರೆ ಗಲಾಟೆ. ನಾನು ನಂಬುವುದಕ್ಕೂ ನಾನು ತೊಡುವುದಕ್ಕೂ ನಿಜವಾಗಿ ವಿರೋಧ ಇದೆಯೆ?

ಉತ್ತರ: ಎಡ್ಡಿಯ ಅಂಗಿಗೂ ನಿಮ್ಮ ರಾಜಕೀಯಕ್ಕೂ ಜಗಳವಿಲ್ಲ. ಇನ್ನೊಂದು ಅಂಗಿಗೆ ಇದೆ. ಎರಡನ್ನೂ ಒಂದೇ ಬೀರುವಿನಲ್ಲಿ ಮಡಿಸಿಟ್ಟಿದ್ದರಿಂದ ನಿಮಗೂ, ನಿಮ್ಮ ಹಿರಿಯರಿಗೂ ಅವು ಒಂದೇ ಕುಲದವಾಗಿ ಕಂಡಿವೆ. ಹೇಗೆ ಬೇರೆ ಎಂದು ಹೇಳುವುದಕ್ಕೆ ಸ್ವಲ್ಪ ಸುತ್ತಿ ಬರಬೇಕು. ನಿಮ್ಮೂರ ಬೆಟ್ಟದಿಂದಲೇ ಹೊರಡೋಣ.

ಆ ಬೆಟ್ಟಕ್ಕೆ ಹೆಸರು ಬಂದದ್ದು ಜಟಾಯುವಿನಿಂದ ಎಂದು ನಿಮ್ಮ ಕಡೆಯವರೇ ಹೇಳುತ್ತಾರೆ. ರಾವಣನನ್ನು ಅಡ್ಡಗಟ್ಟಿ ರೆಕ್ಕೆ ಕಡಿಸಿಕೊಂಡು ಬಿದ್ದ ಹಕ್ಕಿ ಬಿದ್ದದ್ದು ಇಲ್ಲೇ ಎಂಬ ನಂಬಿಕೆ. ವಾಲ್ಮೀಕಿಯಲ್ಲಿ ಜಟಾಯು ರಣಹದ್ದುಗಳ ರಾಜ. ರಣಹದ್ದು ಎಂದರೆ ಹೆಣ ತಿಂದು ಬದುಕುವ, ಬೋಳು ಕತ್ತಿನ, ಮನೆಯ ಮೇಲೆ ಕೂತರೆ ಶಾಂತಿ ಮಾಡಿಸಬೇಕೆಂದು ಜನ ಗಾಬರಿಯಾಗುವ ಹಕ್ಕಿ. ನೋಡಲು ಅದಕ್ಕಿಂತ ಅಪಶಕುನದ ರೂಪ ಇನ್ನೊಂದಿಲ್ಲ. ಹೆಂಗಸೊಬ್ಬಳನ್ನು ಎಳೆದೊಯ್ಯುವಾಗ ಕಾಡಿನಲ್ಲಿ ಅಡ್ಡ ಬಂದದ್ದು ಅದು ಮಾತ್ರ. ಎಳೆದೊಯ್ದವನೋ, ಕಾವಿ ಉಟ್ಟು ಸನ್ಯಾಸಿಯ ವೇಷದಲ್ಲಿ ಭಿಕ್ಷೆಗೆ ಬಂದವನು. ವೇಷ ನೋಡಿ ಮೌಲ್ಯ ಅಳೆಯುವವರಿಗೆ ನಿಮ್ಮ ಬೆಟ್ಟದ ಕಥೆಯೇ ಸಾಕಷ್ಟು ತೊಡಕು ಕೊಡುತ್ತದೆ.

ಇನ್ನು ಶಾಸನ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ನಿಮ್ಮ ಸೀಮೆಯಲ್ಲಿ ಮೂರು ಕಡೆ ಅಶೋಕನ ಕಿರು ಬಂಡೆಶಾಸನಗಳನ್ನು ಗುರುತಿಸಿದರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರರಲ್ಲಿ ತುಂಬ ಸವೆದದ್ದು ನೀವು ನಿಂತ ಬಂಡೆಯದು. ಅಲ್ಲಿನ ಜನ ಅದನ್ನು ಅಶೋಕನ ಹೆಸರಿನಿಂದ ಕರೆಯುತ್ತಿರಲಿಲ್ಲ, ಬಳೆಗಾರರ ಗುಂಡು ಎನ್ನುತ್ತಿದ್ದರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ ಅದು. ಚಕ್ರವರ್ತಿಯ ಧರ್ಮಾಜ್ಞೆಯ ಪಕ್ಕದಲ್ಲೇ ಹೆಂಗಸರು ಕೈಚಾಚಿ ಹಸಿರು, ಕೆಂಪು ಬಳೆ ತೊಡಿಸಿಕೊಂಡು ಹೋಗಿದ್ದಾರೆ, ಶಾಸನಕ್ಕೆ ಅವಮಾನವಾಯಿತೆಂದು ಯಾರೂ ದೂರಲಿಲ್ಲ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು ಎಂಬುದು ಈ ಮೂರೂ ಬಂಡೆಗಳ ಮಾತಿನ ತಿರುಳು. ಉಡುಗೆಯ ವಿಷಯ ಅದರಲ್ಲಿಲ್ಲ.

ನಿಮ್ಮ ಹಿರಿಯರ ಆಕ್ಷೇಪದಲ್ಲಿ ಇನ್ನೊಂದು ಎಡವಟ್ಟಿದೆ. ಅಶೋಕನ ಎದುರು ಹೆಣ ತೋರಿಸಬಾರದು ಎನ್ನುತ್ತಾರಲ್ಲ, ಹೆಣಗಳ ಲೆಕ್ಕವನ್ನು ಹಲವು ಕಡೆ ಕಲ್ಲಿನ ಮೇಲೆ ಕೊರೆಸಿದ ದೊರೆ ಅವನೇ. ಹದಿಮೂರನೆಯ ಬಂಡೆಶಾಸನದಲ್ಲಿ ಕಳಿಂಗದಿಂದ ಒಂದೂವರೆ ಲಕ್ಷ ಜನರನ್ನು ಎಳೆದೊಯ್ದದ್ದು, ಒಂದು ಲಕ್ಷ ಜನರನ್ನು ಅಲ್ಲೇ ಕೊಂದದ್ದು, ಅದರ ಎಷ್ಟೋ ಪಟ್ಟು ಜನ ಸತ್ತದ್ದು ಎಲ್ಲವನ್ನೂ ಹೇಳಿದ್ದಾನೆ. ಗೆದ್ದ ರಾಜರು ಸಾಮಾನ್ಯವಾಗಿ ಹೀಗೆ ಲೆಕ್ಕ ಕೊಡುವುದು ಜಂಬಕ್ಕೆ, ಇವನು ಕೊಟ್ಟದ್ದು ಪಶ್ಚಾತ್ತಾಪಕ್ಕೆ. ಆ ಶಾಸನವನ್ನು ಓದಲು ನೀವು ಬಹಳ ದೂರ ಹೋಗಬೇಕಾಗಿಲ್ಲ, ಗಡಿ ದಾಟಿದರೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಆದರೆ ಅದು ಎಲ್ಲಿ ಇಲ್ಲ ಎಂಬುದು ನಿಮ್ಮ ಪ್ರಶ್ನೆಗೆ ಇನ್ನೂ ಮುಖ್ಯ. ಕಳಿಂಗದ ನೆಲದಲ್ಲೇ ಇರುವ ಧೌಲಿ, ಜೌಗಡ ಎರಡೂ ಕಡೆ ಅಶೋಕನ ಬಂಡೆಶಾಸನಗಳಿವೆ, ಆದರೆ ಹದಿಮೂರನೆಯದು ಇಲ್ಲ. ಅದರ ಬದಲು ಪ್ರಜೆಗಳೆಲ್ಲ ನನ್ನ ಮಕ್ಕಳು, ಅಧಿಕಾರಿಗಳು ಅವರನ್ನು ನ್ಯಾಯವಾಗಿ ನಡೆಸಿಕೊಳ್ಳಲಿ ಎಂಬ ಬೇರೆಯ ಶಾಸನಗಳನ್ನು ಹಾಕಿಸಿದ. ಅದು ನಾಚಿಕೆಯಿರಬಹುದು, ಹಳೆಯ ಸಿಟ್ಟು ಮತ್ತೆ ಕೆದರೀತೆಂಬ ಆಡಳಿತದ ಜಾಣತನವೂ ಇರಬಹುದು. ಏನೇ ಇರಲಿ, ತಾನು ಕೊಂದವರ ಅಂಕಿಯನ್ನು ಅವರ ಮಕ್ಕಳ ಕಣ್ಣೆದುರು ತೂಗುಹಾಕಲಿಲ್ಲ. ಎರ್ರಗುಡಿಯಲ್ಲಿ ಹೇಳಬಹುದಾದದ್ದನ್ನು ಧೌಲಿಯಲ್ಲಿ ಹೇಳಬಾರದು ಎಂದು ಅವನಿಗೆ ಗೊತ್ತಿತ್ತು.

ಬುರುಡೆಯ ಅಂಗಿಗೂ ನಾನು ಹಿಡಿಯುವ ಅಳತೆಕೋಲು ಇದೇ. ಅಂಗಿಯ ಮೇಲೆ ಸಾವು ಇದೆಯೋ ಇಲ್ಲವೋ ಎಂಬುದು ದೊಡ್ಡ ಮಾತಲ್ಲ. ಅದು ಯಾರ ಸಾವು, ಯಾರು ಕೊಂದದ್ದು, ಯಾರ ಕಣ್ಣಿಗೆ ಬೀಳುತ್ತದೆ ಎಂದು ಕೇಳಬೇಕು.

ಎಲ್ಲರ ಸಾವೂ ಆಗಿರುವ ಸಾವಿನ ಚಿತ್ರ ನಮ್ಮ ನೆಲಕ್ಕೆ ಹೊಸದಲ್ಲ, ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್ ಬಂದು ಹಾಡಿದ ಸಂಜೆ ಹುಟ್ಟಿದ್ದೂ ಅಲ್ಲ. ಆ ಬೆಟ್ಟದ ಗುಡಿಯ ಶಿವನೇ ರುಂಡಮಾಲೆ ಹಾಕಿ, ಸುಡುಗಾಡಿನ ಬೂದಿ ಬಳಿದುಕೊಂಡು, ಆನೆಯ ಹಸಿತೊಗಲು ಹೊದ್ದವನು. ಗುಡಿಯ ಬಾಗಿಲ ಮೇಲಿನ ಕೀರ್ತಿಮುಖವು ಶಿವ ಹೇಳಿದನೆಂದು ತನ್ನ ಮೈಯನ್ನೇ ತಿಂದು ಬರಿಯ ಮುಖವಾಗಿ ಉಳಿದ ರಾಕ್ಷಸನದು ಎಂದು ಪುರಾಣ. ಮೈಲಾರದ ಗೊರವಯ್ಯ ಕರಿಯ ಕಂಬಳಿಯ ಅಂಗಿ ತೊಟ್ಟು, ಕರಡಿಕೂದಲ ಟೊಪ್ಪಿಗೆ ಹಾಕಿ ಬಂದರೆ ಮಕ್ಕಳು ಓಡುತ್ತಾರೆ, ಹಿರಿಯರು ಕಾಲಿಗೆ ಬೀಳುತ್ತಾರೆ. ಹೊಸದಾಗಿ ಕಟ್ಟುವ ಮನೆಗೆ ಕೋರೆಹಲ್ಲು ಬಿಟ್ಟ ದೃಷ್ಟಿಬೊಂಬೆ ಕಟ್ಟದ ಮೇಸ್ತ್ರಿಯನ್ನು ನಿಮ್ಮ ಅಜ್ಜಿಯೂ ನೋಡಿರಲಾರರು. ಇಂಥವೆಲ್ಲದರ ಮಧ್ಯೆ ಎಡ್ಡಿ ತೀರಾ ಸಾಧುಪ್ರಾಣಿ.

ಭಯಂಕರ ವೇಷಕ್ಕೂ ಒಳಗಿನ ನಡತೆಗೂ ಎಷ್ಟು ಅಂತರವಿರಬಹುದು ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಸಾಕ್ಷಿ ಬಳ್ಳಿಗಾವಿಯದು. ಶಿಕಾರಿಪುರ ತಾಲ್ಲೂಕಿನ ಈ ಊರಿನಲ್ಲಿ ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಕಾಳಾಮುಖ ಶೈವರ ದೊಡ್ಡ ಮಠವಿತ್ತು. ಈ ಕಾಳಾಮುಖರ ಬಗ್ಗೆ ಎದುರಾಳಿ ಮತದವರಾದ ಯಾಮುನಾಚಾರ್ಯ, ರಾಮಾನುಜಾಚಾರ್ಯರ ಗ್ರಂಥಗಳಲ್ಲಿ ಏನಿದೆ ಗೊತ್ತೆ? ತಲೆಬುರುಡೆಯಲ್ಲಿ ಉಣ್ಣುತ್ತಾರೆ, ಹೆಣದ ಬೂದಿ ಮೈಗೆ ಬಳಿದುಕೊಳ್ಳುತ್ತಾರೆ, ಅದನ್ನು ತಿನ್ನುತ್ತಾರೆ ಕೂಡ, ಹೆಂಡದ ಮಡಕೆಯಲ್ಲಿ ದೇವರನ್ನು ಪೂಜಿಸುತ್ತಾರೆ ಎಂದಿದೆ. ಅದೇ ಪಂಥದ ಬಳ್ಳಿಗಾವಿಯ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನ ಇನ್ನೊಂದೇ ಲೋಕವನ್ನು ತೋರಿಸುತ್ತದೆ. ನಾಲ್ಕು ವೇದ, ವ್ಯಾಕರಣ, ಆರು ದರ್ಶನ, ಕಾವ್ಯ, ನಾಟಕ ಕಲಿಸುವ ಜಾಗ. ಬಡವರಿಗೂ ಕುರುಡರಿಗೂ ಕಿವುಡರಿಗೂ ಅನ್ನ ಹಾಕುವ, ರೋಗಿಗಳಿಗೆ ಮದ್ದು ಕೊಡುವ, ಸಕಲ ಜೀವಿಗಳಿಗೂ ಅಭಯ ಸಿಗುವ ಜಾಗ. ಕಾಳಾಮುಖರು ಮತ್ತು ಕಾಪಾಲಿಕರೆಂಬ ಇನ್ನೊಂದು ಶೈವ ಪಂಥದವರ ಬಗ್ಗೆ 1972ರಲ್ಲಿ ಪುಸ್ತಕ ಬರೆದ ಡೇವಿಡ್ ಲೊರೆಂಜನ್, ಆಚಾರ್ಯರ ವರ್ಣನೆ ಕಾಳಾಮುಖರಿಗಿಂತ ಕಾಪಾಲಿಕರಿಗೇ ಹೆಚ್ಚು ಹೊಂದುತ್ತದೆ ಎಂಬ ಸಂಶಯವನ್ನು ಮುಂದಿಟ್ಟರು. ಇರಬಹುದು. ಬುರುಡೆ ಹಿಡಿದವನು ಅನ್ನ ಹಾಕಲಾರ ಎಂದು ಮೊದಲೇ ತೀರ್ಮಾನಿಸಿಕೊಂಡವರಿಗೆ ಮಾತ್ರ ಈ ಎರಡು ಚಿತ್ರಗಳನ್ನು ಕೂಡಿಸುವುದು ಕಷ್ಟ.

ಅಜ್ಜಿಯ ಭಯವನ್ನು ಹಗುರವಾಗಿ ತಳ್ಳಿಹಾಕಬೇಡಿ, ಅದರ ಬೇರು ಎಲ್ಲಿದೆ ನೋಡಿ. ಹೆಣ ಮುಟ್ಟಿದರೆ ಮೈಲಿಗೆ, ಸತ್ತ ಮನೆ ಸೂತಕ. ನಮ್ಮ ಹಳ್ಳಿಗಳಲ್ಲಿ ಗುಂಡಿ ತೋಡುವ, ಸಾವಿನ ಸುದ್ದಿ ಹೊತ್ತು ಊರೂರಿಗೆ ಹೋಗುವ, ಹೆಣದ ಮುಂದೆ ಹಲಗೆ ಬಡಿಯುವ ಕೆಲಸ ಯಾರ ಪಾಲಿಗೆ ಬಂದಿದೆ ಎಂದು ನಿಮ್ಮ ಸಂಘಟನೆಯಲ್ಲಿ ಇರುವ ಎಲ್ಲರಿಗೂ ಗೊತ್ತು. ಸಾವಿನ ಕುರುಹು ಕಂಡರೆ ಅಸಹ್ಯಪಡುವುದೂ, ಸಾವಿನ ಕೆಲಸ ಮಾಡುವವರನ್ನು ಊರ ಹೊರಗೆ ಇಡುವುದೂ ಒಂದೇ ಬಳ್ಳಿಯ ಕಾಯಿಗಳು. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಒಟ್ಟಿಗೇ ನಿರಾಕರಿಸಿದ್ದು ಸುಮ್ಮನೆ ಅಲ್ಲ. ರಾಜಕಾರಣಿ ಸತೀಶ ಜಾರಕಿಹೊಳಿಯವರು ಪ್ರತಿ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿರ್ವಾಣದ ದಿನ, ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಮೌಢ್ಯ ವಿರೋಧಿ ಕಾರ್ಯಕ್ರಮ ನಡೆಸಿಕೊಂಡು ಬಂದಿದ್ದಾರೆ. ಅಲ್ಲೇ ಊಟ ಮಾಡಿದ್ದಾರೆ, ರಾತ್ರಿ ಕಳೆದಿದ್ದಾರೆ. ಅವರ ಪಕ್ಷ ನಿಮಗೆ ಹಿಡಿಸಲಿ ಬಿಡಲಿ, ಸ್ಮಶಾನವನ್ನು ರಾಜಕೀಯ ವೇದಿಕೆ ಮಾಡಿಕೊಳ್ಳುವುದು ಮೌಲ್ಯಕ್ಕೆ ವಿರುದ್ಧ ಎಂದು ಪ್ರಗತಿಪರರು ಯಾರೂ ಹೇಳಿದಂತಿಲ್ಲ. ಹಾಗಿದ್ದ ಮೇಲೆ ಅಂಗಿಯ ಮೇಲಿನ ಒಂದು ಎಲುಬಿಗೆ ಇಷ್ಟೇಕೆ ಗಡಿಬಿಡಿ?

ಒಂದು ಚುಚ್ಚುಮಾತನ್ನೂ ಸೇರಿಸುತ್ತೇನೆ, ನಿಮಗೇ. ಗುಂಡಿ ತೋಡಿ ಬದುಕುವವನ ಮಗ ಬುರುಡೆಯ ಅಂಗಿ ಹಾಕಿಕೊಂಡು ಊರಲ್ಲಿ ತಿರುಗುವುದು ನಾನು ಕಂಡಿಲ್ಲ. ಸಾವಿನ ಕೆಲಸದಿಂದ ದೂರ ಇರುವವರಿಗೇ ಸಾವು ಅಲಂಕಾರವಾಗುವುದು. ಅದು ಅಪರಾಧವಲ್ಲ, ಆದರೆ ಅಂಗಿ ತೊಟ್ಟ ಮಾತ್ರಕ್ಕೆ ಸೂತಕ ಮೀರಿದೆವು ಎಂದು ಬೀಗುವಂತೆಯೂ ಇಲ್ಲ. ಊರಲ್ಲಿ ಸಾವಾದಾಗ ಹಲಗೆ ಬಡಿದವರನ್ನು ಮನೆಯೊಳಗೆ ಕರೆದು ಊಟಕ್ಕೆ ಕೂರಿಸುವುದು ಇದಕ್ಕಿಂತ ಹೆಚ್ಚು ಗಲಾಟೆ ಎಬ್ಬಿಸುವ ಕೆಲಸ.

ಈಗ ಯಾರೋ ಒಬ್ಬರದೇ ಆದ ಸಾವಿನ ಕಡೆಗೆ ಬರೋಣ. 2017ರ ಮಾರ್ಚಿನಲ್ಲಿ ಪಿ. ಅಯ್ಯಕ್ಕಣ್ಣು ಅವರ ಮುಂದಾಳತ್ವದಲ್ಲಿ ತಮಿಳುನಾಡಿನ ರೈತರು ದೆಹಲಿಯ ಜಂತರ್ ಮಂತರ್‌ನಲ್ಲಿ ಬರಗಾಲದ ಪರಿಹಾರ ಕೇಳಿ ಕುಳಿತರು. ಅವರ ಮುಂದೆ ಮನುಷ್ಯರ ತಲೆಬುರುಡೆಗಳಿದ್ದವು. ಸಾಲದಲ್ಲಿ ಮುಳುಗಿ ಆತ್ಮಹತ್ಯೆ ಮಾಡಿಕೊಂಡ ರೈತರದು ಎಂದರು. ಅವನ್ನು ಕೊರಳಿಗೂ ಹಾಕಿಕೊಂಡರು. ಬಾಯಲ್ಲಿ ಇಲಿ ಕಚ್ಚಿ ಕುಳಿತರು. ಇದಕ್ಕಿಂತ ಬೀಭತ್ಸವಾದ ವೇಷ ಇತ್ತೀಚಿನ ನಮ್ಮ ರಾಜಕೀಯದಲ್ಲಿ ನೆನಪಿಲ್ಲ. ಎಷ್ಟೋ ಜನರಿಗೆ ಅದು ಅತಿಯೆನಿಸಿತು. ನನಗೆ ಹಾಗನ್ನಿಸಲಿಲ್ಲ. ಸತ್ತವರ ಪರವಾಗಿ, ಸಾವಿಗೆ ಹೊಣೆಯಾದವರ ಮುಖದ ಮುಂದೆ ಹಿಡಿದ ಬುರುಡೆಗಳು ಅವು. ಅದೇ ಬುರುಡೆಗಳನ್ನು ಸಾಲ ಕೊಟ್ಟ ಸಾಹುಕಾರ ಕೊರಳಿಗೆ ಹಾಕಿಕೊಂಡಿದ್ದರೆ? ವಸ್ತು ಒಂದೇ, ಅರ್ಥ ಪೂರ್ತಿ ತಿರುಗುತ್ತದೆ.

ಹೀಗೆ ಕೊಂದವರೇ ತೊಡುವ ಬುರುಡೆ ಎಂಬುದು ನನ್ನ ಕಲ್ಪನೆಯಲ್ಲ, ಅಂಥವು ಮಾರಾಟಕ್ಕೂ ಸಿಗುತ್ತವೆ. ಹಿಟ್ಲರನ ಎಸ್.ಎಸ್. ಪಡೆಯ ಟೋಪಿಯ ಮೇಲೆ ಬುರುಡೆ ಮತ್ತು ಅಡ್ಡ ಎಲುಬಿನ ಲಾಂಛನವಿತ್ತು. ಯಾತನಾಶಿಬಿರಗಳನ್ನು ಕಾಯುತ್ತಿದ್ದವರು ಧರಿಸಿದ ಗುರುತು ಅದು. ಆ ಬುರುಡೆ ಎಲ್ಲರೂ ಸಾಯುತ್ತೇವೆ ಎನ್ನುವುದಿಲ್ಲ, ನಿನ್ನನ್ನು ನಾನು ಸಾಯಿಸುತ್ತೇನೆ ಎನ್ನುತ್ತದೆ. 2005ರಲ್ಲಿ ಇಂಗ್ಲೆಂಡಿನ ರಾಜಕುಮಾರ ಹ್ಯಾರಿ ಒಂದು ಪಾರ್ಟಿಗೆ ನಾಜಿ ತೋಳುಪಟ್ಟಿ ಕಟ್ಟಿಕೊಂಡು ಹೋಗಿ ಕ್ಷಮೆ ಕೇಳಬೇಕಾಯಿತು. ಮೋಜಿಗೆ ಹಾಕಿಕೊಂಡೆ ಎಂಬ ಸಮಜಾಯಿಷಿ ಅಲ್ಲಿ ನಡೆಯಲಿಲ್ಲ, ನಡೆಯಬಾರದು. ಅಮೆರಿಕದ ಕಾಮಿಕ್ ಪಾತ್ರ ಪನಿಷರ್‌ನ ಎದೆಯ ಬುರುಡೆಯನ್ನು ಅಲ್ಲಿನ ಕೆಲವು ಪೊಲೀಸರು, ಸೈನಿಕರು ತಮ್ಮ ವಾಹನಕ್ಕೂ ಸಮವಸ್ತ್ರಕ್ಕೂ ಅಂಟಿಸಿಕೊಳ್ಳತೊಡಗಿದಾಗ, 1974ರಲ್ಲಿ ಆ ಪಾತ್ರವನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಜೆರ್ರಿ ಕಾನ್ವೇ ಅವರೇ ಬಹಿರಂಗವಾಗಿ ವಿರೋಧಿಸಿದರು. ಮೆಟಲ್ ಲೋಕದಲ್ಲೂ ಈ ಕೊಳೆ ಇದೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಾರ್ವೆಯ ಬ್ಲ್ಯಾಕ್ ಮೆಟಲ್ ಗುಂಪಿನ ಕೆಲವರು ತೊಂಬತ್ತರ ದಶಕದ ಆರಂಭದಲ್ಲಿ ಚರ್ಚುಗಳಿಗೆ ಬೆಂಕಿಯಿಟ್ಟರು, ಬುರ್ಜುಮ್ ಎಂಬ ತಂಡದ ವರ್ಗ್ ವಿಕರ್ನಿಸ್ ಕೊಲೆ ಮತ್ತು ಚರ್ಚು ಸುಟ್ಟ ಅಪರಾಧಗಳಿಗೆ 1994ರಲ್ಲಿ ಜೈಲುಶಿಕ್ಷೆಗೆ ಗುರಿಯಾದ. ಅಂಥ ತಂಡದ ಹೆಸರನ್ನು ಎದೆಯ ಮೇಲೆ ಬರೆಸಿಕೊಂಡರೆ ನನ್ನ ಲೆಕ್ಕದಲ್ಲಿ ವಿರೋಧಾಭಾಸ ಖಂಡಿತ ಇದೆ, ಅದರಲ್ಲಿ ಬುರುಡೆಯೇ ಇರದಿದ್ದರೂ.

ಐರನ್ ಮೇಡನ್ ಆ ಸಾಲಿನದಲ್ಲ. ಡೆರೆಕ್ ರಿಗ್ಸ್ ಬರೆದ ಎಡ್ಡಿ ಹೆಣವೋ ದೆವ್ವವೋ ತಿಳಿಯದ ಒಬ್ಬ ವಿದೂಷಕ. ಒಮ್ಮೆ ಸೈನಿಕ, ಒಮ್ಮೆ ಈಜಿಪ್ಟಿನ ಫರೋ. ಆ ತಂಡ 1984ರಲ್ಲಿ ತಂದ ಒಂದು ಪ್ರಸಿದ್ಧ ಹಾಡು ಅಣುಯುದ್ಧದ ಬಗ್ಗೆಯೇ ಇದೆ, ಯುದ್ಧದಿಂದ ಹಣ ಮಾಡುವವರ ಮೇಲೆ ಉಗಿದು ಬರೆದದ್ದು. ನಿಮ್ಮ ಹಿರಿಯರಿಗೆ ಇದನ್ನು ಹೇಳಿ. ಹೇಳುವಾಗ ಇನ್ನೊಂದನ್ನೂ ನೆನಪಿಸಬಹುದು. ಚಳ್ಳಕೆರೆ ತಾಲ್ಲೂಕಿನಲ್ಲಿ ದನ ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಅಲ್ಲಿನ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿ.ಆರ್.ಡಿ.ಒ.ದ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು, ಚಾಲಕರಹಿತ ವಿಮಾನಗಳನ್ನು ಅಲ್ಲಿಂದ ಹಾರಿಸಿ ನೋಡುತ್ತಾರೆ. ದೇಶಕ್ಕೆ ಅದು ಬೇಕೋ ಬೇಡವೋ ಎಂಬ ಚರ್ಚೆ ಬೇರೆ. ಯುದ್ಧದ ಸಿದ್ಧತೆಯನ್ನು ಗುರುತಿಸಲು ಬುರುಡೆಯ ಅಂಗಿ ಹುಡುಕಿಕೊಂಡು ಹೋದರೆ ಸಿಗುವುದಿಲ್ಲ ಎಂದಷ್ಟೇ ನನ್ನ ಮಾತು. ಅಂಥ ಕೆಲಸಗಳು ಇಸ್ತ್ರಿ ಮಾಡಿದ ಅಂಗಿಯಲ್ಲೇ ನಡೆಯುತ್ತವೆ.

ನಿಮ್ಮ ಎರಡನೆಯ ಅಂಗಿಯ ಮೇಲಿರುವುದು ಎಲ್ಲರ ಸಾವಲ್ಲ. ಅದು ಹೆಂಗಸೊಬ್ಬಳ ಕೊಲೆ, ನೋಡುವ ಕಣ್ಣಿಗೆ ರುಚಿಯಾಗಲೆಂದು ಬರೆದದ್ದು. ಡೆತ್ ಮೆಟಲ್‌ನಲ್ಲಿ ಇಂಥ ಚಿತ್ರಗಳ ಒಂದು ಪರಂಪರೆಯೇ ಇದೆ. ಕ್ಯಾನಿಬಲ್ ಕಾರ್ಪ್ಸ್ ತಂಡದ ಮೊದಲ ಆಲ್ಬಮ್ಮುಗಳ ಮಾರಾಟಕ್ಕೆ ಜರ್ಮನಿಯಲ್ಲಿ ತಡೆ ಬಿದ್ದದ್ದೂ ಉಂಟು. ನಿಷೇಧ ನನಗೆ ಒಪ್ಪಿಗೆಯಿಲ್ಲ. ಇದು ಭಯಾನಕ ಸಿನಿಮಾದ ಹಾಗೆ, ಯಾರೂ ನಿಜವೆಂದು ನಂಬುವುದಿಲ್ಲ ಎಂದು ಅಭಿಮಾನಿಗಳು ವಾದಿಸುತ್ತಾರೆ. ಮಾತಿನಲ್ಲಿ ಹುರುಳಿದೆ, ಆದರೆ ಸಿನಿಮಾಕ್ಕೆ ಟಿಕೆಟ್ ಕೊಂಡವರು ಮಾತ್ರ ಒಳಗೆ ಹೋಗುತ್ತಾರೆ. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಬರುವ ಬಸ್ಸಿನಲ್ಲಿ ನಿಮ್ಮ ಎದುರು ಸೀಟಿನಲ್ಲಿ ಕೂತ ಹೆಂಗಸು ಯಾವ ಟಿಕೆಟ್ಟೂ ಕೊಂಡಿರುವುದಿಲ್ಲ. ಅವಳ ಅಕ್ಕನೋ ಮಗಳೋ ಗಂಡನ ಮನೆಯಲ್ಲಿ ಸತ್ತಿರಬಹುದು. ನಿಮ್ಮ ಅಂಗಿ ಅವಳ ಪಾಲಿಗೆ ಧೌಲಿಯಲ್ಲಿ ನೆಟ್ಟ ಹದಿಮೂರನೆಯ ಶಾಸನ, ಅದೂ ಪಶ್ಚಾತ್ತಾಪ ತೆಗೆದುಹಾಕಿ ಬರೀ ಹೆಣ ಉಳಿಸಿದ್ದು. ಹೆಣ್ಣಿನ ಮೇಲಿನ ಹಿಂಸೆಯ ವಿರುದ್ಧ ಕೆಲಸ ಮಾಡುವ ನೀವು ಇದನ್ನು ತೊಟ್ಟು ಬೀದಿಗೆ ಇಳಿಯುವುದು ನನಗೆ ಸರಿಕಾಣುವುದಿಲ್ಲ. ಹಾಡು ಕೇಳಿ, ಬೇಕಾದರೆ ಅಂಗಿಯನ್ನು ರೂಮಿನಲ್ಲಿ ಹಾಕಿಕೊಳ್ಳಿ.

ಇದೆಲ್ಲ ಚಿತ್ರದ ಮಾತಾಯಿತು. ಬಟ್ಟೆಯ ಮಾತು ಉಳಿದಿದೆ, ಅದನ್ನು ನಿಮ್ಮ ಪತ್ರದ ಎರಡನೆಯ ವಾಕ್ಯ ನನಗೆ ಒದಗಿಸಿತು. ಅಪ್ಪ ನೇಯುವ ಮೊಳಕಾಲ್ಮುರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಅದರ ಅಂಚು, ಬುಟ್ಟಾ, ಸೆರಗಿನ ಸೊಗಸಿನ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಹುಳು ಚಿಟ್ಟೆಯಾಗಿ ಗೂಡು ಒಡೆದರೆ ಎಳೆ ತುಂಡಾಗುತ್ತದೆ. ಹಾಗಾಗಿ ಬಿಚ್ಚಾಣಿಕೆಗೆ ಮೊದಲು ಹಬೆಯಲ್ಲೋ ಬಿಸಿಗಾಳಿಯಲ್ಲೋ ಹುಳುವನ್ನು ಒಳಗೇ ಸಾಯಿಸುತ್ತಾರೆ, ಆಮೇಲೆ ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ತೆಗೆಯುತ್ತಾರೆ. ಜೀವಿಗಳ ಮೇಲೆ ದಯೆ ಇರಲಿ ಎಂಬ ಬಂಡೆ ಇರುವ ತಾಲ್ಲೂಕಿನಲ್ಲೇ, ಮದುವೆಗೆ ಮಂಗಳಕರವೆಂದು ಉಡುವ ಸೀರೆಯ ಪ್ರತಿ ಎಳೆಯ ಹಿಂದೆ ನಿಜವಾದ ಸಾವು ಇದೆ. ನಿಮ್ಮ ಎಡ್ಡಿಗಾಗಿ ಒಂದು ಇರುವೆಯೂ ಸತ್ತಿಲ್ಲ. ಹೈದರಾಬಾದಿನ ಕುಸುಮ ರಾಜಯ್ಯ ಅವರು ಚಿಟ್ಟೆ ಹೊರಬಂದ ಮೇಲೆ ಗೂಡಿನಿಂದ ನೂಲು ತೆಗೆಯುವ ಕ್ರಮವನ್ನು ರೂಢಿಸಿ ಪೇಟೆಂಟ್ ಪಡೆದರು, ಅಹಿಂಸಾ ರೇಷ್ಮೆ ಎಂದು ಅದನ್ನು ಮಾರುತ್ತಾರೆ. ಆ ನೂಲಿಗೆ ಮಾಮೂಲಿ ರೇಷ್ಮೆಯ ಹೊಳಪಿಲ್ಲ, ಬೆಲೆ ಹೆಚ್ಚು. ನಿಮ್ಮಪ್ಪನ ಮಗ್ಗ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಒಂದು ಕುಟುಂಬದ ಅನ್ನವನ್ನೂ ಹುಳುವಿನ ಪ್ರಾಣವನ್ನೂ ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ. ಮೌಲ್ಯಕ್ಕೂ ಉಡುಗೆಗೂ ಜಗಳ ಹುಡುಕುವವರು ಬರೀ ಕಪ್ಪು ಅಂಗಿಯ ಕಡೆ ಕೈ ತೋರಿಸುವುದು ಸೋಮಾರಿತನ ಎಂದಷ್ಟೇ ಹೇಳುತ್ತೇನೆ.

ಆ ಕಪ್ಪು ಅಂಗಿಯನ್ನು ಹೊಲಿದವರು ಯಾರು ಎಂಬುದೂ ಇದೇ ಸಾಲಿನ ಪ್ರಶ್ನೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಯಾವ ದೊಡ್ಡ ನಾಯಕರೂ ಇಲ್ಲದೆ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದದ್ದು ನೆನಪಿರಬೇಕು. ಭವಿಷ್ಯನಿಧಿಯ ಹಣವನ್ನು ಬೇಕಾದಾಗ ತೆಗೆಯಬಾರದು ಎಂದು ಕೇಂದ್ರ ತಂದ ನಿಯಮವನ್ನು ಎರಡೇ ದಿನದಲ್ಲಿ ವಾಪಸು ತೆಗೆಸಿದರು. ಲಾಠಿಯೇಟೂ ತಿಂದರು. ನಿಮ್ಮೂರಿನ ಮಗ್ಗುಲಿಗೆ ಬಂದರೆ ಬಳ್ಳಾರಿ, ರಾಯದುರ್ಗ ಎರಡೂ ಜೀನ್ಸ್ ಹೊಲಿಯುವ ಊರುಗಳು. ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳಿಂದ ಹೊರಬರುವ ಬಣ್ಣದ ನೀರಿನ ಬಗ್ಗೆ ವರ್ಷಗಳಿಂದ ದೂರುಗಳಿವೆ. ನಿಮ್ಮ ಕಪ್ಪು ಪ್ಯಾಂಟಿನ ಬಣ್ಣ ಯಾವ ಹಳ್ಳ ಸೇರಿತು, ಅದರ ಗುಂಡಿ ಹೊಲಿದವಳಿಗೆ ಕೂಲಿ ಎಷ್ಟು ಸಿಕ್ಕಿತು ಎಂಬುದನ್ನು ನಿಮ್ಮ ಸಂಘಟನೆ ಕೇಳಿದರೆ ನಾನೂ ಜೊತೆಗೆ ಬರುತ್ತೇನೆ.

ಖಾದಿಯ ಸಲಹೆಗೆ ಬಂದರೆ, ಖಾದಿ ಒಳ್ಳೆಯ ಬಟ್ಟೆ, ಸೆಕೆಗೆ ಹಿತ, ನೂತವರ ಕೈಗೆ ನಾಲ್ಕು ಕಾಸು. ಆದರೆ ಅದು ಮೌಲ್ಯದ ಪ್ರಮಾಣಪತ್ರವಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧಿ ಬಂದಿದ್ದರು. ಹಳೆ ಮೈಸೂರಿನ ಖಾದಿ ಚಳವಳಿಯಲ್ಲಿ ಆ ಊರಿಗೆ ದೊಡ್ಡ ಹೆಸರು. ಅದೇ ಬದನವಾಳಿನಲ್ಲಿ 1993ರ ಮಾರ್ಚಿನಲ್ಲಿ, ದೇವಸ್ಥಾನ ಪ್ರವೇಶದ ಜಗಳ ಬೆಳೆದು, ಮೂವರು ದಲಿತರ ಕೊಲೆಯಾಯಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಆ ಜಾಗವನ್ನೇ ಆರಿಸಿಕೊಂಡಾಗ ಈ ಎರಡೂ ನೆನಪು ಅಲ್ಲಿ ಒಟ್ಟಿಗೇ ಇದ್ದವು. ನಿಮ್ಮ ಹಿರಿಯರಿಗೆ ಈ ಊರಿನ ಹೆಸರು ಹೇಳಿದರೆ ಸಾಕು, ವಿವರಣೆ ಬೇಕಾಗಲಾರದು.

ಹಾಗಾದರೆ ಶಾಂತಿ ಮೆರವಣಿಗೆಗೆ ಎಡ್ಡಿಯನ್ನು ಕರೆದೊಯ್ಯಬಹುದೆ? ಮೆರವಣಿಗೆಯಲ್ಲಿ ನೀವು ಒಬ್ಬರೇ ಇರುವುದಿಲ್ಲ, ಮರುದಿನದ ಪೇಪರಿನಲ್ಲಿ ನಿಮ್ಮ ಅಂಗಿಯೇ ಸುದ್ದಿಯಾಗಿ ಬೇಡಿಕೆ ಹಿಂದೆ ಸರಿಯುವಂತಿದ್ದರೆ ಅವತ್ತು ಬೇರೆ ಅಂಗಿ ಹಾಕಿ. ಇದು ಮೌಲ್ಯದ ಪ್ರಶ್ನೆಯಲ್ಲ, ಬರೀ ಉಪಾಯದ್ದು. ಸಾವಿನ ಮನೆಗೆ, ಆಸ್ಪತ್ರೆಗೆ ಹೋಗುವಾಗ ಹಾಕಬೇಡಿ, ಕಾರಣ ಹೇಳಬೇಕಾಗಿಲ್ಲ. ಬೆಟ್ಟಕ್ಕೆ ಧಾರಾಳವಾಗಿ ಹಾಕಿಕೊಂಡು ಹೋಗಿ, ಬಂಡೆಯ ಮೇಲೆ ಮಾತ್ರ ಹತ್ತಬೇಡಿ, ಉಳಿದಿರುವ ಅಕ್ಷರಗಳೇ ಕಡಿಮೆ. ಅಜ್ಜಿಯ ಜೊತೆ ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ. ಇದು ದೃಷ್ಟಿಬೊಂಬೆ, ಬೆಂಗಳೂರಿನಲ್ಲಿ ನನಗೆ ಕೆಟ್ಟ ಕಣ್ಣು ಬೀಳಬಾರದೆಂದು ಹಾಕಿಕೊಂಡಿದ್ದೇನೆ ಎಂದು ಒಮ್ಮೆ ಹೇಳಿ ನೋಡಿ. ಪೂರ್ತಿ ಸುಳ್ಳೂ ಅಲ್ಲ.